ಇಬ್ಬರು ಒತ್ತಬೇಕಾದ ಗಡಿಯಾರ

ದೊಡ್ಡವರು ತೀರಿಕೊಂಡರೆಂದು ನಾನು ಹೇಳಿದಾಗ ಎದುರುಮನೆಯಾಕೆ ಕಸಬರಿಗೆ ಹಿಡಿದುಕೊಂಡೇ "ಖರೇನ ಅಕ್ಕಾರ?" ಎಂದು ಕೇಳಿದಳು. ಅವರೇ ಅಲ್ಲಿದ್ದಿದ್ದರೆ ತಮ್ಮ ಸಾವಿನ ಬಗ್ಗೆಯೂ "ಇರಬೌದು. ಇರಲಿಕ್ಕೂ ಇಲ್ಲ" ಎಂದೇ ಹೇಳಿ ಒಂದು ಹುಬ್ಬು ಏರಿಸುತ್ತಿದ್ದರು. ಅದನ್ನು ನೆನೆದು ಅಳುವ ಹೊತ್ತಿನಲ್ಲಿ ನನಗೆ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಎದುರುಮನೆಯಾಕೆ ಅದನ್ನು ದುಃಖವೆಂದೇ ತಿಳಿದಳು. ಅವಳು ತಿಳಿದದ್ದರಲ್ಲಿ ಅರ್ಧ ನಿಜವೇ ಇತ್ತು.

ಮುಶಿಗೇರಿಯ ನಮ್ಮ ಓಣಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಅವರು ದೊಡ್ಡವರು, ಅವರ ತಮ್ಮ ಸಣ್ಣವರು. ಆ ಇಬ್ಬರ ಮನೆಗಳ ನಡುವೆ ನನ್ನ ಮನೆ. ಹಿಂದೆ ಮೂರೂ ಸೇರಿ ಒಂದೇ ವಾಡೆಯಾಗಿತ್ತಂತೆ. ತಂದೆ ಹೋದ ಮೇಲೆ ಪಾಲಾಗುವಾಗ ಅಣ್ಣತಮ್ಮಂದಿರಿಗೆ ಒಂದೇ ಗೋಡೆಯನ್ನು ಹಂಚಿಕೊಳ್ಳುವುದೂ ಬೇಡವಾಯಿತು. ನಡುವಿನ ಭಾಗ ಮಾರಾಟಕ್ಕೆ ಬಂತು. ರೋಣದಿಂದ ವರ್ಗವಾಗಿ ಇಲ್ಲಿಯ ಕನ್ನಡ ಶಾಲೆಗೆ ಬಂದಿದ್ದ ನಾನು ಅದನ್ನು ಕೊಂಡೆ. ಸಸ್ತಾದಲ್ಲಿ ಸಿಕ್ಕಿತೆಂದು ಹಿಗ್ಗಿದ್ದೆ. ಯಾಕೆ ಸಸ್ತಾ ಎನ್ನುವುದು ಮನೆ ಹೊಕ್ಕ ಮೇಲೆ ತಿಳಿಯಿತು.

ದೊಡ್ಡವರಿಗೆ ಮಕ್ಕಳಿಲ್ಲ, ಹಿಂದೆ ಉಳಿದದ್ದು ಹೆಂಡತಿ ಒಬ್ಬರೇ. ಹೆಣ ಇನ್ನೂ ಪಡಸಾಲೆಯಲ್ಲಿರುವಾಗಲೇ ಓಣಿಯಲ್ಲಿ ಗುಸುಗುಸು ಶುರುವಾಗಿತ್ತು. ಅಣ್ಣತಮ್ಮಂದಿರ ಹೊಲಕ್ಕೆ ಇರುವುದು ಒಂದೇ ಬೋರು. ಅದರ ನೀರಿನ ಪಾಳಿ ಬರೀ ಬಾಯಿಮಾತಿನದು. ಇನ್ನು ಮೇಲೆ ಸಣ್ಣವರು ಆ ಹೆಣ್ಣುಮಗಳಿಗೆ ಅವಳ ಪಾಳಿಯ ನೀರು ಬಿಡುತ್ತಾರೋ, ಇಲ್ಲ ತಾವೇ ಹರಿಸಿಕೊಳ್ಳುತ್ತಾರೋ? ನೀರಿಲ್ಲದ ಹೊಲವನ್ನು ಆಕೆ ಕೊನೆಗೆ ಯಾರಿಗೆ ಕೊಡಬೇಕು? ಮೈದುನನಿಗೇ ತಾನೆ? ಹೀಗೆಲ್ಲ ಲೆಕ್ಕ ಹಾಕಿದವರಲ್ಲಿ ನಾನೂ ಒಬ್ಬಳು. ಜೀವಮಾನವೆಲ್ಲ "ಹೊಟ್ಟಿ ನೋಯಾಕತ್ತೈತ್ರಿ ಅಕ್ಕಾರ" ಎನ್ನುವ ಮಕ್ಕಳ ಮುಖ ನೋಡುತ್ತ ಕಳೆದವಳಿಗೆ ಅನುಮಾನ ಬಾರದೆ ಇರುತ್ತದೆಯೇ?

ಆದರೆ ಅನುಮಾನದಲ್ಲಿ ನಾನು ದೊಡ್ಡವರ ಮುಂದೆ ಏನೂ ಅಲ್ಲ. ಗಜೇಂದ್ರಗಡದ ಬಸ್ಸು ಹತ್ತುವಾಗ ಅವರು ಮೊದಲು ಬೋರ್ಡು ಓದುವರು. ಆಮೇಲೆ ಕಂಡಕ್ಟರನನ್ನು ಕೇಳುವರು. ಒಳಗೆ ಕುಳಿತ ಮೇಲೆ ಪಕ್ಕದವನನ್ನೂ "ಇದು ಎಲ್ಲಿಗ್ಹೊಂಟೈತ್ರಿ?" ಎಂದು ವಿಚಾರಿಸುವರು. ನಾನೊಮ್ಮೆ, "ಬೋರ್ಡ್ ಓದಿದ್ರಲ್ರಿ" ಎಂದೆ.

"ಬೋರ್ಡ್ ಬರ್ದಾಂವ ಒಬ್ಬ, ಬಸ್ ಹೊಡ್ಯಾಂವ ಒಬ್ಬ. ಇಬ್ಬರೂ ಒಂದ ಕಡೆ ಹೊಂಟಾರಂತ ನಿಮಗ್ಯಾರ ಹೇಳಿದ್ರು, ಅಕ್ಕಾರ?"

ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಮುಖಕ್ಕೆ ಸುಳ್ಳು ಹೇಳುವ ರೂಢಿ ಇರುತ್ತದೆ, ಕಾಲಿಗೆ ಇರುವುದಿಲ್ಲ ಎನ್ನುವುದು ಅವರ ವಾದ. ಹೊಸದಾಗಿ ಬಂದ ದಿನಗಳಲ್ಲಿ ಅವರೆದುರು ನಿಂತರೆ ನನ್ನ ಹೆಬ್ಬೆರಳು ತಾನಾಗಿ ಮುದುಡಿಕೊಳ್ಳುತ್ತಿತ್ತು. ಅದನ್ನು ನೋಡಿ ಅವರು ಇನ್ನಷ್ಟು ಅನುಮಾನಪಡುತ್ತಿದ್ದರು.

ನರಗುಂದದ ಡಾಕ್ಟರು ಒಮ್ಮೆ ಬಿ.ಪಿ. ನೋಡಿ ಎಲ್ಲ ಸರಿಯಿದೆ ಎಂದರಂತೆ. ಇವರು ರೋಣಕ್ಕೆ ಹೋಗಿ ಇನ್ನೊಮ್ಮೆ ತೋರಿಸಿದರು. ಅಲ್ಲಿಯೂ ಅದೇ ಮಾತು. ಗಜೇಂದ್ರಗಡದ ದವಾಖಾನೆಯಲ್ಲಿಯೂ ಅದೇ. ಸಮಾಧಾನ ಆಗಿರಬೇಕೆಂದು ನಾನು, "ಇನ್ನರೆ ನಂಬ್ರಿ, ಮೂರೂ ಕಡೆ ಒಂದ ಹೇಳ್ಯಾರ" ಎಂದೆ.

"ಹ್ಞಾಂ, ಮೂರೂ ಕಡೆ ಒಂದ ಹ್ಯಾಂಗ ಬಂತು?" ಎಂದರು. "ಮೂವರೂ ಮಾತಾಡಿಕೊಂಡಾರ."

ಅವರು ಕಾಳಿನ ಚೀಲಗಳ ಬಾಯಿ ಕಟ್ಟುವ ರೀತಿಯೂ ಬೇರೆ. ಹಗ್ಗವನ್ನು ಎರಡು ಸುತ್ತು ಹಾಕಿ, ತುದಿಯನ್ನು ಹಿಂದಕ್ಕೆ ಮಡಚಿ, ಒಳಗಿನಿಂದ ಎಳೆದು ಒಂದು ಗಂಟು ಹಾಕುತ್ತಿದ್ದರು. ಯಾರಾದರೂ ಬಿಚ್ಚಿ ಮತ್ತೆ ಕಟ್ಟಿದರೆ ಗೊತ್ತಾಗಿಬಿಡಬೇಕು. ಆ ಕಟ್ಟು ಅವರನ್ನು ಬಿಟ್ಟರೆ ಅವರ ಹೆಂಡತಿಗೆ ಮಾತ್ರ ಬಿಚ್ಚಲು ಬರುತ್ತಿತ್ತು, ಕಟ್ಟಲು ಆಕೆಗೂ ಬರುತ್ತಿರಲಿಲ್ಲ.

ಇಂಥವರಿಗೆ ಒಬ್ಬ ತಮ್ಮ, ನಡುವೆ ಒಂದೇ ಬೋರು. ಹಗಲಿನ ಕರೆಂಟು ಇರುವ ಹೊತ್ತನ್ನು ಎರಡು ಪಾಲು ಮಾಡಿದ್ದರು: ಮಧ್ಯಾಹ್ನ ಹನ್ನೆರಡರವರೆಗೆ ದೊಡ್ಡವರ ನೀರು, ಆಮೇಲೆ ಸಣ್ಣವರದು. ಉಳ್ಳಾಗಡ್ಡಿ ಹಚ್ಚಿದ ಒಂದು ವರ್ಷ ಸಣ್ಣವರು ಮೊಬೈಲು ನೋಡಿ "ಹನ್ನೆರಡಾತು, ವಾಲ್ ತಿರುವು" ಎಂದರು. ದೊಡ್ಡವರು ತಮ್ಮ ಕೈಗಡಿಯಾರ ತೋರಿಸಿ "ಎಲ್ಲಿ ಆಗೈತಿ?" ಎಂದರು. ಮೊಬೈಲನ್ನು ಬೇಕೆಂದೇ ಮುಂದಿಟ್ಟಿದ್ದಾನೆ ಎಂದು ಅಣ್ಣ, ಕೈಗಡಿಯಾರವನ್ನು ಬೇಕೆಂದೇ ಹಿಂದಿಟ್ಟಿದ್ದಾನೆ ಎಂದು ತಮ್ಮ. ಬದುವಿನ ಮೇಲೆ ಕೈ ಕೈ ಹತ್ತಿ, ಒಬ್ಬರ ಅಂಗಿ ಹರಿದು, ಇನ್ನೊಬ್ಬರ ಹಲ್ಲು ಅಲುಗಾಡಿತು. ಅವತ್ತಿನಿಂದ ಮಾತು ಬಂದ್. ಅವರು ಜಗಳವಾಡಿದ ಆ ಹೊತ್ತಿನಲ್ಲಿ ನೀರು ಯಾರ ಹೊಲಕ್ಕೂ ಹರಿಯದೆ ಬದುವಿನ ಮೇಲೆ ಚೆಲ್ಲಿಹೋಗಿತ್ತು ಎನ್ನುವುದನ್ನು ಇಬ್ಬರೂ ಒಪ್ಪುತ್ತಿದ್ದರು. ಅದೊಂದೇ ಅವರು ಒಪ್ಪಿದ್ದು.

ಊರ ಹಿರಿಯರು ಹನಮಪ್ಪನ ಗುಡಿ ಕಟ್ಟೆಯ ಮೇಲೆ ಕೂತು ನ್ಯಾಯ ಮಾಡಿದರು. ಅಣ್ಣನ ಗಡಿಯಾರವೂ ಬೇಡ, ತಮ್ಮನದೂ ಬೇಡ, ಮೂರನೆಯದೊಂದು ಇರಲಿ, ಅದು ನಡುವಿನ ಅಕ್ಕಾರ ಮನೆಯ ಪಡಸಾಲೆಯಲ್ಲಿ ತೂಗಲಿ. ನೀರು ತಿರುಗಿಸುವ ವಾಲಿನ ಚಾವಿ ಅದರ ಕೆಳಗಿನ ಮೊಳೆಗೆ. ಆ ಗಡಿಯಾರದಲ್ಲಿ ಹನ್ನೆರಡಾದಾಗ ಚಾವಿ ಕೈ ಬದಲಾಗಬೇಕು. ನನ್ನನ್ನು ಯಾರೂ ಕೇಳಲಿಲ್ಲ. ಮೇಷ್ಟ್ರ ಕೆಲಸದವರು ಎಲ್ಲದಕ್ಕೂ ಹ್ಞೂಂ ಅನ್ನುತ್ತಾರೆ ಎಂದು ಊರಿಗೆ ಒಂದು ನಂಬಿಕೆ.

ಗಡಿಯಾರ ತಂದದ್ದು ದೊಡ್ಡವರು. ಗಜೇಂದ್ರಗಡದಲ್ಲಿ ಹಳೆಯ ಅರಳೆ ಕಾರ್ಖಾನೆಯೊಂದನ್ನು ಕೆಡವಿದ್ದರು. ಅದರ ಗೋಡೆಯ ಮೇಲಿದ್ದದ್ದು ಗುಜರಿ ಅಂಗಡಿಗೆ ಬಂದಿತ್ತು. ತೇಗದ ಪೆಟ್ಟಿಗೆ, ಗಾಜಿನ ಬಾಗಿಲು, ಒಳಗೆ ಹಿತ್ತಾಳೆಯ ಯಂತ್ರ. ಕೀಲಿ ಕೊಡುವ ತೂತು ಎಲ್ಲಿಯೂ ಇಲ್ಲ, ಯಾಕೆಂದರೆ ಅದು ಕರೆಂಟಿನ ಗಡಿಯಾರ, ನಮ್ಮಜ್ಜನ ಕಾಲದ್ದು. ನಿಂತುಹೋಗಿತ್ತು. ಅದಕ್ಕೇ ಕೊಂಡೆ ಎಂದರು. ನಡೆಯುವ ಗಡಿಯಾರ ಸುಳ್ಳು ಹೇಳಬಹುದು, ನಿಂತದ್ದು ಹೇಳುವುದಿಲ್ಲವಂತೆ.

ಅದನ್ನು ನರಗುಂದದ ರಿಪೇರಿಯವನಲ್ಲಿಗೆ ಒಯ್ಯುವಾಗ ಸಣ್ಣವರ ಕಡೆಯಿಂದ ಸಾಕ್ಷಿ ಬೇಕಾಯಿತು. ಸಾಕ್ಷಿ ಎಂದರೆ ಮತ್ತೆ ನಾನೇ. ರವಿವಾರದ ಬಸ್ಸಿನಲ್ಲಿ ಗಡಿಯಾರವನ್ನು ದೊಡ್ಡವರು ತೊಡೆಯ ಮೇಲಿಟ್ಟುಕೊಂಡಿದ್ದರು, ಕಿಟಕಿಯ ಕಡೆ ನನ್ನನ್ನು ಕೂಡಿಸಿದ್ದರು, ಯಾರಾದರೂ ಹೊರಗಿನಿಂದ ಕೈ ಹಾಕಿದರೆ ಎಂದು. ರಿಪೇರಿಯವನು ಅದನ್ನು ತೊಳೆದು, ಎಣ್ಣೆ ಹಾಕಿ, ಪೆಟ್ಟಿಗೆಯ ತಳದ ಬೇರೆ ಗೂಡಿನೊಳಗೆ ಎರಡು ದೊಡ್ಡ ಸೆಲ್ಲು ಜೋಡಿಸಿದ. ಗಡಿಯಾರ ನಡೆಯಿತು. ಆದರೆ ಪೆಟ್ಟಿಗೆಯ ತಲೆಯ ಮೇಲೆ ಇನ್ನೆರಡು ಹಿತ್ತಾಳೆಯ ತಿರುಪುಗಳು ಉಳಿದಿದ್ದವು.

"ಇವು ಯಾಕ?" ದೊಡ್ಡವರು ತಿರುಪುಗಳನ್ನು ಕಳ್ಳರನ್ನು ನೋಡುವಂತೆ ನೋಡಿದರು.

"ಒಳಗಿನ ಸೆಲ್ಲು ಗಡಿಯಾರಕ್ಕ ತಾನ ಕೀಲಿ ಕೊಟ್ಕೊಳ್ಳಾಕ್ರಿ. ಇವು ಬ್ಯಾರೆ. ಹಿಂದ ಕಾರ್ಖಾನಿಯಾಗ ಇಂಥಾವು ಸಾಲಾಗಿ ಇರ್ತಿದ್ವು. ದೊಡ್ಡ ಗಡಿಯಾರದಿಂದ ಒಂದು ತಂತಿ ಬಂದು ತಾಸಿಗೊಮ್ಮೆ ಕರೆಂಟಿನ ಒಂದು ಪೆಟ್ಟು ಕೊಡ್ತಿತ್ತು. ಪೆಟ್ಟು ಬಿತ್ತಂದ್ರ ದೊಡ್ಡ ಮುಳ್ಳು ತುಸು ಹಿಂದಿರಲಿ, ಮುಂದಿರಲಿ, ಜಗ್ಗಿ ತಂದು ಹನ್ನೆರಡರ ಮ್ಯಾಲ ನಿಂದ್ರಸ್ತಿತ್ತು. ಎಲ್ಲಾ ಗಡಿಯಾರ ಒಂದ ಟೈಮು."

"ಅಂದ್ರ ಬಾಗಲಾ ತಗೀಲಾರದ ಮುಳ್ಳು ಸರಿ ಮಾಡಬೌದು?"

"ಹೌದ್ರಿ. ಆದ್ರ ಪೆಟ್ಟು ಅಂದ್ರ ಪೆಟ್ಟ. ಭಾಳ ಹೊತ್ತು ಕೊಟ್ರ ಸುರುಳಿ ಸುಡ್ತೈತಿ."

ದೊಡ್ಡವರ ಮುಖ ಅರಳಿದ್ದನ್ನು ನಾನು ನೋಡಿದ್ದು ಆಗಲೇ. ಹಳೆಯ ಗಡಿಯಾರ ದಿನಕ್ಕೆ ಒಂದಿಷ್ಟು ಮುಂದೆ ಓಡುತ್ತದೆ. ಸರಿಪಡಿಸಲು ಯಾರೋ ಬಾಗಿಲು ತೆಗೆದು ಮುಳ್ಳು ಮುಟ್ಟಬೇಕು. ಮುಟ್ಟುವವರು ಯಾರು? ಅದೇ ದೊಡ್ಡ ಪ್ರಶ್ನೆಯಾಗಿತ್ತು. ಊರಿಗೆ ಬಂದವರೇ ಗಾಜಿನ ಬಾಗಿಲಿಗೆ ಬೀಗ ಹಾಕಿಸಿ, ಬೀಗದ ಮೇಲೆ ಅರಗು ಸುರಿದು, ಹಿರಿಯರ ಮುಂದೆ ಅದರ ಕೀಲಿಯನ್ನು ಬಾವಿಗೆ ಎಸೆದರು. ಇನ್ನು ಆ ಮುಳ್ಳನ್ನು ಮುಟ್ಟಲು ಇದ್ದ ದಾರಿ ಒಂದೇ, ಆ ಎರಡು ತಿರುಪು.

ತಿರುಪುಗಳಿಗೆ ಕರೆಂಟು ಕೊಡುವುದು ಹೇಗೆ ಎನ್ನುವುದರಲ್ಲಿ ಒಂದು ಮಳೆಗಾಲ ಹೋಯಿತು. ಒಳಗಿನ ಸೆಲ್ಲುಗಳಿಂದಲೇ ತಂತಿ ಎಳೆದು ನೋಡಿದರು. ಪೆಟ್ಟು ಬಿದ್ದಾಗೊಮ್ಮೆ ಗಡಿಯಾರ ದಮ್ಮು ಹತ್ತಿದಂತೆ ನಿಂತುಬಿಡುತ್ತಿತ್ತು. ಆಮೇಲೆ ರೇಡಿಯೋಕ್ಕೆ ಹಾಕುವ ಎಲಿಮಿನೇಟರ್ ತಂದು ಮನೆಯ ಕರೆಂಟಿನಿಂದ ಕೊಟ್ಟರು. ಹೋದ ಕರೆಂಟು ತಿರುಗಿ ಬಂದ ಒಂದು ಮಧ್ಯಾಹ್ನ, ಹನ್ನೆರಡಕ್ಕೆ ತುಸು ಮೊದಲೇ ಮುಳ್ಳು ತಾನಾಗಿ ಜಿಗಿದು ಹನ್ನೆರಡರ ಮೇಲೆ ನಿಂತಿತು. ಸಣ್ಣವರು ಚಾವಿ ತಗೊಂಡು ಹೊಲಕ್ಕೆ ಓಡಿದರು, ದೊಡ್ಡವರು ಬಡಿಗೆ ತಗೊಂಡು ಹಿಂದೆ ಓಡಿದರು. ನಡುವೆ ನಾನು. ಕೊನೆಗೆ ಬೇರೆ ಸೆಲ್ಲುಗಳೇ ಗತಿ ಎಂದಾಯಿತು. ಅವುಗಳಿಗೊಂದು ಕಟ್ಟಿಗೆಯ ಡಬ್ಬಿ, ಅದು ನನ್ನ ಜಗಲಿಯ ಮಾಡದಲ್ಲಿ. ಹೊಸ ಸೆಲ್ಲು ತಂದಾಗಲೆಲ್ಲ ದೊಡ್ಡವರು ಒಂದೊಂದರ ಮೇಲೂ ಉಗುರಿನಿಂದ ಗೀರುತ್ತಿದ್ದರು. ನಾನು ಬದಲಿಸಬಾರದೆಂದು.

"ನನ್ನ ಟಾರ್ಚಿಗೆ ನಿಮ್ಮ ಸೆಲ್ಲು ಯಾಕ ಬೇಕ್ರಿ?" ನಾನು ಸಿಟ್ಟಿನಿಂದ ಕೇಳಿದೆ.

"ಬೇಕಂತ ನಾ ಎಲ್ಲಿ ಅಂದೆ? ಬ್ಯಾಡ ಅಂತ ನೀವೂ ಅಂದಿಲ್ಲ."

ಸೆಲ್ಲುಗಳಾದ ಮೇಲೆ ಬಟನ್ನು. ಅವತ್ತು ಸಂಜೆ ಅವರು ನನ್ನ ಜಗಲಿಯ ಮೇಲೆ ಬಹಳ ಹೊತ್ತು ಕೂತಿದ್ದರು. "ಕರೆಂಟ್ ಕೊಡೂದು ಸಸಾರ ಅಕ್ಕಾರ," ಎಂದರು. "ಯಾರ ಕೈಯಾಗ ಕೊಡೂದು ಅನ್ನೂದ ತ್ರಾಸಿಂದು. ನನ್ನ ಕೈಯಾಗ ಇದ್ರ ಅಂವ ನಿದ್ದಿ ಮಾಡೂದಿಲ್ಲ. ಅವನ ಕೈಯಾಗ ಇದ್ರ ನಾ ಮಾಡೂದಿಲ್ಲ. ನಿಮ್ಮ ಕೈಯಾಗ ಇದ್ರ..." ನನ್ನ ಕಾಲು ನೋಡಿದರು. "ಇಬ್ಬರೂ ಮಾಡೂದಿಲ್ಲ."

ಮರುದಿನ ತಾವೇ ದಾರಿ ಹುಡುಕಿದ್ದರು. ಒಂದು ಬಟನ್ನು ತಮ್ಮ ಪಡಸಾಲೆಯ ಗೋಡೆಗೆ, ಒಂದು ತಮ್ಮನ ಪಡಸಾಲೆಯ ಗೋಡೆಗೆ. ಸೆಲ್ಲಿನಿಂದ ಹೊರಟ ತಂತಿ ಎರಡೂ ಬಟನ್ನುಗಳನ್ನು ದಾಟಿಯೇ ಗಡಿಯಾರಕ್ಕೆ ಬರಬೇಕು. ಇಬ್ಬರೂ ಒಟ್ಟಿಗೆ ಒತ್ತಿದರೆ ಮಾತ್ರ ಪೆಟ್ಟು. ಒಬ್ಬರೇ ಒತ್ತಿದರೆ ಮುಳ್ಳು ಮಿಸುಕಾಡಬಾರದು. ದಿನವೂ ಬೆಳಿಗ್ಗೆ ರೇಡಿಯೋದಲ್ಲಿ ಏಳು ಗಂಟೆಗೆ ಪೀಪ್ ಸದ್ದು ಬರುತ್ತದಲ್ಲ, ಅದರ ಕೊನೆಯ ಉದ್ದ ಸದ್ದಿಗೆ ಇಬ್ಬರೂ ಒತ್ತಬೇಕು. ಯಾರಾದರೂ ಊರಿಗೆ ಹೋಗುವುದಿದ್ದರೆ ನನಗೆ ಹೇಳಬೇಕು. ಆ ದಿನ ಇನ್ನೊಬ್ಬರೂ ಒತ್ತುವಂತಿಲ್ಲ.

ಹೀಗೆ ನನ್ನ ಸಂಸಾರ ನಡೆಯಿತು. ಬೆಳಿಗ್ಗೆ ನಾನು ಚಹಾ ಸೋಸುವಾಗ ಎಡಗಡೆಯ ಗೋಡೆಯಿಂದ ಒಂದು ರೇಡಿಯೋ, ಬಲಗಡೆಯಿಂದ ಒಂದು ರೇಡಿಯೋ, ನಡುವೆ ನನ್ನ ತಲೆಯ ಮೇಲೆ "ಖಟ್". ಮುಳ್ಳು ನೆಟ್ಟಗೆ ನಿಲ್ಲುತ್ತಿತ್ತು. ಆ ಸದ್ದು ಎರಡೂ ಮನೆಗೆ ಕೇಳುತ್ತಿತ್ತು. ಮಾತೇ ಆಡದ ಅಣ್ಣತಮ್ಮಂದಿರು ದಿನಕ್ಕೊಮ್ಮೆ ಒಂದೇ ಗಳಿಗೆಯಲ್ಲಿ ಒಂದೇ ಕೆಲಸ ಮಾಡುತ್ತಾರಲ್ಲ ಎಂದು ಮೊದಮೊದಲು ನನಗೆ ಸೋಜಿಗವೆನಿಸುತ್ತಿತ್ತು. ಆಮೇಲೆ ಅದು ಹಾಲಿನವನು ಬಂದಷ್ಟೇ ರೂಢಿಯಾಯಿತು.

ಒಂದು ಚಳಿಗಾಲ ಸಣ್ಣವರಿಗೆ ಜ್ವರ ಬಂದು ಬಹಳ ದಿನ ಇಳಿಯಲಿಲ್ಲ. ದೊಡ್ಡವರು ಬಂದು, "ಆ ಕಡೆ ಲೈಟು ಭಾಳ ಹೊತ್ತು ಉರೀತಿರ್ತೈತಿ. ಯಾಕಂತ?" ಎಂದು ಕೇಳಿದರು.

"ಜ್ವರಂತ್ರಿ. ಮ್ಯಾಲೆ ಏಳಾಕ ಆಗವಲ್ದು."

"ಇರಬೌದು. ಇರಲಿಕ್ಕೂ ಇಲ್ಲ. ಏಳಾಕ ಆಗಲಿಲ್ಲಂದ್ರ ದಿನಾ ಒತ್ತಾವ್ರು ಯಾರು?"

"ಅವರ ರೀ. ಗ್ವಾಡಿ ಹಿಡಕೊಂಡು ಬಂದು ನಿಂದರ್ತಾರ. ನಾ ಕಿಡಕ್ಯಾಗಿಂದ ನೋಡೀನಿ."

ದೊಡ್ಡವರು ನನ್ನ ಕಾಲನ್ನೇ ನೋಡುತ್ತ ನಿಂತರು. ಸಂಜೆ ಒಂದು ಚೀಲ ಮೋಸಂಬಿ ತಂದು ಜಗಲಿಯ ಮೇಲಿಟ್ಟು, "ಹುಳಿ ಅದಾವ, ನಮ್ಮ ಮನ್ಯಾಗ ಯಾರೂ ತಿನ್ನವಲ್ರು. ಯಾರಿಗರೆ ಕೊಡ್ರಿ" ಎಂದು ಹೋದರು. ಚೀಲದ ಬಾಯಿಗೆ ಅವರ ಕಟ್ಟು ಇರಲಿಲ್ಲ. ನಾನು ಅದನ್ನು ಸಣ್ಣವರಿಗೆ ಒಯ್ದು, ನಾನೇ ತಂದೆನೆಂದು ಹೇಳಿದೆ. ಅವರು ಒಂದೊಂದನ್ನೂ ತಿರುಗಿಸಿ, ಮೂಗಿಗೆ ಹಿಡಿದು, "ಇವನ್ನ ಎಲ್ಲಿ ತಂದ್ರಿ ಅಕ್ಕಾರ, ಯಾವಾಗ ತಂದ್ರಿ?" ಎಂದು ಕೇಳಿದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಇದಾದ ಮೇಲೆಯೂ ಮಾತು ಬೆಳೆಯಲಿಲ್ಲ. ಯಾವಗಲ್ ಊರಿನಲ್ಲಿ ಒಂದು ಮದುವೆಗೆ ಇಬ್ಬರೂ ಬಂದಿದ್ದರು. ಊಟದ ಪಂಕ್ತಿಯಲ್ಲಿ ಗೊತ್ತಿಲ್ಲದೆ ಎದುರುಬದುರು ಕೂತುಬಿಟ್ಟರು. ದೊಡ್ಡವರು ಹೋಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ಎದುರಿಗೆ ಸಣ್ಣವರೂ ಹಿಡಿದು ನೋಡಿದರು. ಬಡಿಸುವವನು ಹೆದರಿ ಇಬ್ಬರ ಎಲೆಗೂ ಇನ್ನೊಂದೊಂದು ಹಾಕಿ ಹೋದ. ಎದ್ದು ಕೈತೊಳೆಯಲು ಹೋದಾಗಲೂ ಇಬ್ಬರೂ ಬೇರೆ ಬೇರೆ ನಳದ ಹತ್ತಿರ ಹೋದರು.

ಈಗ ಎಲ್ಲರ ಕೈಯಲ್ಲೂ ಸ್ಮಾರ್ಟ್ ಫೋನು, ಟೈಮು ತಪ್ಪುವ ಮಾತೇ ಇಲ್ಲ. ನಾನೂ ಕೆಲಸದಿಂದ ನಿವೃತ್ತಳಾದೆ. ಒಮ್ಮೆ ದೊಡ್ಡವರಿಗೆ, "ಇನ್ನ ಈ ಗಡಿಯಾರ ತಗದುಬಿಡೂಣೇನ್ರಿ? ಫೋನಿನಾಗ ಎಲ್ಲಾರಿಗೂ ಒಂದ ಟೈಮ್ ಬರ್ತೈತಿ" ಎಂದೆ.

"ಅದನ್ನ ಕಳಸಾವ್ರು ಯಾರು?"

"ಯಾರೋ ಮ್ಯಾಲಿಂದ ಕಳಸ್ತಾರ್ರಿ."

"ಅವರ ಕಾಲು ನೋಡೀರೇನು ನೀವು?" ಎಂದರು. ಗಡಿಯಾರ ಉಳಿಯಿತು.

ಹೋದ ತಿಂಗಳು ಒಂದು ಮುಂಜಾನೆ ದೊಡ್ಡವರು ಹಾಸಿಗೆಯಲ್ಲಿಯೇ ಹೋಗಿದ್ದರು. ಆ ದಿನ ಏಳಕ್ಕೆ ಯಾವ ರೇಡಿಯೋವೂ ಕೇಳಲಿಲ್ಲ, ಗಡಿಯಾರ ಖಟ್ ಎನ್ನಲಿಲ್ಲ. ಸಣ್ಣವರು ಬಂದರು, ಹೆಗಲು ಕೊಟ್ಟರು, ಮಣ್ಣು ಹಾಕಿದರು. ಅತ್ತಿಗೆಯ ಜೊತೆ ಮಾತ್ರ ಒಂದು ಮಾತೂ ಆಡಲಿಲ್ಲ. ಅತ್ತಿಗೆಯ ತಮ್ಮ ರಾಜೂರದಿಂದ ಬಂದು ಅಲ್ಲಿಯೇ ಉಳಿದುಕೊಂಡಿದ್ದ. ಹೊಗೆಯಾಡುವಂಥ ಮನುಷ್ಯ. ಬಂದವರಿಗೆಲ್ಲ "ನೋಡೂಣು, ನೀರು ಬಿಡ್ತಾನೋ ಇಲ್ಲೋ" ಎನ್ನುತ್ತಿದ್ದ. ನಾನು ಅಲ್ಲವೆನ್ನಲಿಲ್ಲ. ನನಗೂ ಅದೇ ಅಂಜಿಕೆ ಇತ್ತು.

ಮೂರನೆಯ ದಿನದ ಹಾಲು-ತುಪ್ಪದ ಕಾರ್ಯ ಮುಗಿದ ಮರುದಿನ ಬೆಳಿಗ್ಗೆ ನಾನು ಜಗಲಿಯಲ್ಲಿ ಕೂತಿದ್ದೆ. ಬಲಗಡೆಯ ಮನೆಯಲ್ಲಿ ರೇಡಿಯೋ ಹಚ್ಚಿದ್ದರು. ಪೀಪ್ ಸದ್ದು ಬಂತು. ಕಿಟಕಿಯಲ್ಲಿ ಸಣ್ಣವರು ಗೋಡೆಯ ಹತ್ತಿರ ಬಂದು ನಿಂತದ್ದು ಕಂಡಿತು. ಇಷ್ಟು ವರ್ಷದ ರೂಢಿ, ಕೈ ತಾನಾಗಿ ಬಟನ್ನಿನ ಮೇಲೆ ಹೋಯಿತು. ಒತ್ತಿದರು.

ಖಟ್.

ನಾನು ತಿರುಗಿ ಬಾಗಿಲಿನಿಂದ ಪಡಸಾಲೆಯ ಗಡಿಯಾರ ನೋಡಿದೆ. ಮುಳ್ಳು ಹನ್ನೆರಡರ ಮೇಲೆ ನೆಟ್ಟಗೆ ನಿಂತಿತ್ತು. ಸಣ್ಣವರು ಬರಿಗಾಲಿನಲ್ಲಿ ಹೊರಗೆ ಓಡಿ ಬಂದರು.

"ಅಕ್ಕಾರ, ಆ ಕಡೆ ಯಾರು ಒತ್ತಿದ್ರು?"

ಆ ಕಡೆ ಬಟನ್ನಿನ ಹತ್ತಿರ ಯಾರೂ ಇರಲಿಲ್ಲ. ದೊಡ್ಡವರ ಹೆಂಡತಿ ಹಿತ್ತಲಲ್ಲಿ ಹೆಂಗಸರ ನಡುವೆ ಕೂತಿದ್ದರು. ಪಡಸಾಲೆಯಲ್ಲಿ ಆಕೆಯ ರಾಜೂರದ ತಮ್ಮ ಒಬ್ಬನೇ, ಅವನೂ ಕಂಬಕ್ಕೆ ಒರಗಿ ಹಲ್ಲುಜ್ಜುತ್ತಿದ್ದ. ನಾವಿಬ್ಬರೂ ಒಳಗೆ ಹೋದೆವು. ಸಣ್ಣವರು ಅಣ್ಣನ ಪಡಸಾಲೆಯಲ್ಲಿ ಕಾಲಿಟ್ಟದ್ದು ಪಾಲಾದ ಮೇಲೆ, ಸಾವಿನ ದಿನ ಬಿಟ್ಟರೆ, ಅದೇ ಮೊದಲು. ನೇರ ಬಟನ್ನಿನ ಹತ್ತಿರ ಹೋಗಿ, ಒಂದು ನಾಣ್ಯದಿಂದ ಅದರ ಮುಚ್ಚಳದ ತಿರುಪು ಬಿಚ್ಚಿದರು.

ಒಳಗೆ ತಂತಿಯ ಎರಡೂ ತುದಿಗಳು ಬಟನ್ನಿಗೆ ಜೋಡಿಸಿರಲೇ ಇಲ್ಲ. ಒಂದಕ್ಕೊಂದು ಹೊಸೆದು, ಸೈಕಲ್ ಟ್ಯೂಬಿನ ಚೂರು ಸುತ್ತಿ, ದಾರದಿಂದ ಕಟ್ಟಿತ್ತು. ದೊಡ್ಡವರ ಬಟನ್ನು ಒತ್ತಿದರೂ ಒಂದೇ, ಬಿಟ್ಟರೂ ಒಂದೇ. ಗಡಿಯಾರ ಖಟ್ ಎಂದದ್ದು ಸಣ್ಣವರ ಕಡೆಯ ಒಂದೇ ಬಟನ್ನಿನಿಂದ.

"ನೋಡ್ರಿ ಅಕ್ಕಾರ," ರಾಜೂರದವನು ಬಾಯಿ ಮುಕ್ಕಳಿಸಿ ಬಂದ. "ಸತ್ತ ಮನ್ಯಾಗ ಹೊಕ್ಕು ಕಳ್ಳ ಜೋಡಣಿ ಮಾಡ್ಯಾನ. ಇನ್ನ ಇಂವ ಒತ್ತಿದಾಗ ಹನ್ನೆರಡು. ನಮ್ಮಕ್ಕನ ನೀರು ಹೋದಂಗ."

ಕ್ಷಣಹೊತ್ತು ನಾನೂ ಹಾಗೇ ತಿಳಿದೆ. ಸಣ್ಣವರ ಕಾಲು ನೋಡಿದೆ. ಅಷ್ಟರಲ್ಲಿ ದೊಡ್ಡವರ ಹೆಂಡತಿ ಹಿತ್ತಲಿಂದ ಬಂದು, ಮುಂದೆ ಬಾಗಿ, ಬಟನ್ನಿನ ಒಳಗೆ ನೋಡಿದರು. ಅಲ್ಲಿ ಜೇಡನ ಹಳೆಯ ಬಲೆ ಇತ್ತು, ತಂತಿಯ ತುದಿಗೆ ಹಸಿರು ಕಿಲುಬು ಹಿಡಿದಿತ್ತು. ಆಕೆ ದಾರದ ಗಂಟನ್ನು ಬೆರಳಿನಿಂದ ಮುಟ್ಟಿದರು. ಎರಡು ಸುತ್ತು, ತುದಿ ಹಿಂದಕ್ಕೆ ಮಡಚಿ, ಒಳಗಿನಿಂದ ಎಳೆದದ್ದು.

"ಇದು ಅವರ ಕಟ್ಟು," ಎಂದರು. "ಮೈದುನಗ ಜ್ವರ ಬಂದಿತ್ತಲ್ರಿ ಅಕ್ಕಾರ, ಆ ಚಳಿಗಾಲದಾಗ ಒಂದಿನ ಇದನ್ನ ಬಿಚ್ಚಿಕೊಂಡು ಕುಂತಿದ್ರು. ಏನ್ ಮಾಡಾಕತ್ತೀರಿ ಅಂದ್ರ, ಹಲ್ಲಿ ಹೊಕ್ಕೈತಿ ಅಂದ್ರು."

"ಮತ್ತ ದಿನಾ ಏಳಕ್ಕ ಇಲ್ಲಿ ನಿಂದರ್ತಿದ್ರಲ್ರಿ?"

"ನಿಂದರ್ತಿದ್ರು. ಕೈ ಹಿಂದ ಕಟಗೊಂಡು, ಕಿವಿ ಗ್ವಾಡಿಗೆ ಕೊಟ್ಟು. ಖಟ್ ಅಂದ ಮ್ಯಾಲೆ ಹ್ಞಾಂ ಅಂದು ಚಾ ಕೇಳ್ತಿದ್ರು. ಒತ್ತೂದು ನಾ ನೋಡಲಿಲ್ಲ. ನೀ ಬಟನ್ ಮುಟ್ಟಬ್ಯಾಡ ಅಂತ ನನಗ ಹೇಳಿದ್ರು."

ರಾಜೂರದವನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು, ಆದರೆ ನನ್ನ ಬುದ್ಧಿ ಮೊದಲು ಹೋದದ್ದು ಅಡ್ಡದಾರಿಗೇ. ತಮ್ಮನನ್ನು ಹಿಡಿಯಲು ಹಾಕಿದ ಬೋನು ಇದು ಎಂದುಕೊಂಡೆ. ದೊಡ್ಡವರು ತಮ್ಮದೇ ಕಡೆಯ ಅಡ್ಡಿಯನ್ನು ತೆಗೆದಿಟ್ಟು, ಹೊತ್ತಲ್ಲದ ಹೊತ್ತಿನಲ್ಲಿ ಖಟ್ ಎನ್ನುತ್ತದೆಯೋ ಎಂದು ಕಿವಿಗೊಟ್ಟು ಕಾದಿದ್ದಾರೆ. ಅವರ ಸ್ವಭಾವಕ್ಕೆ ಅದೇ ಸರಿ. ಆದರೆ ಬೋನು ಹಾಕುವವರು ಮೋಸಂಬಿ ತಂದುಕೊಡುವುದಿಲ್ಲ. ಜ್ವರದಲ್ಲಿ ಗೋಡೆ ಹಿಡಿದು ಬಂದು ಒತ್ತುವವನ ಬಗ್ಗೆ ನನ್ನಿಂದ ಕೇಳಿದ ಮೇಲೆ ಅವರು ಮಾಡಿದ ಕೆಲಸ ಇದು. ನನಗೆ ಎರಡೂ ನಿಜವೆನಿಸುತ್ತದೆ. ಬೋನು ಎಂದೇ ಶುರುಮಾಡಿರಬಹುದು. ಇರಲಿಕ್ಕೂ ಇಲ್ಲ. ಒಂದು ಮಾತು ಮಾತ್ರ ಅನುಮಾನಕ್ಕೆ ಸಿಗದ್ದು: ಇಷ್ಟು ವರ್ಷ ಇಡೀ ಗಡಿಯಾರ ತಮ್ಮನ ಒಂದು ಬೆರಳಿನಲ್ಲಿತ್ತು. ತಮ್ಮ ಒಂದೇ ಒಂದು ಸಲ ಹೊತ್ತು ಮೀರಿ ಒತ್ತಿ ನೋಡಿದ್ದರೆ ಅವತ್ತೇ ಇದು ಬಯಲಾಗುತ್ತಿತ್ತು. ಬಯಲಾಗಲು ದೊಡ್ಡವರು ಸಾಯಬೇಕಾಯಿತು.

ಸಣ್ಣವರು ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. "ಹೇಳಲಿಲ್ಲಲ್ರಿ ಅಕ್ಕಾರ," ಎಂದರು. "ಒಂದ ಮಾತು ಹೇಳಿದ್ರ ಏನಾಗ್ತಿತ್ತು ಅವಗ? ನಂಬೀನಿ ಅಂತ ಬಾಯಿಬಿಟ್ಟು ಹೇಳಿದ್ರ ಏನಾಗ್ತಿತ್ತು?" ಅತ್ತರು. ಮಣ್ಣು ಹಾಕುವಾಗ ಅಳದವರು ಆಗ ಅತ್ತರು. ನನಗೂ ತಡೆಯಲಾಗಲಿಲ್ಲ. ಎಂಥ ಹಟಮಾರಿ ಜನ ಇವರು ಎಂದು ಇಬ್ಬರ ಮೇಲೂ ಸಿಟ್ಟು ಬಂತು.

ಆಮೇಲೆ ಅವರು ಕಣ್ಣೊರೆಸಿಕೊಂಡು ಅತ್ತಿಗೆಯ ಕಡೆ ತಿರುಗಿದರು. "ವೈನಿ," ಎಂದರು. ಆ ಒಂದು ಮಾತು ಬರಲು ಎಷ್ಟು ವರ್ಷ ಹಿಡಿಯಿತೋ. "ಈ ಗಂಟು ಬಿಚ್ರಿ. ನನಗ ಬರೂದಿಲ್ಲ."

"ಅವರು ಕಟ್ಟಿದ್ದು, ಇದ್ರ ಇರ್ಲಿ ಬಿಡಪಾ. ನಿನ್ನ ಕೈಯಾಗ ಇರ್ಲಿ."

"ಬ್ಯಾಡ್ರಿ. ಅಂವ ಕಿವಿ ಕೊಟ್ಟು ನಿಂತಿದ್ದ, ಅದಕ್ಕ ನಡೀತು. ಈಗ ಯಾರು ನಿಂದರ್ತಾರ? ನಾನೂ ಮನಷ್ಯಾನ, ನಾಳೆ ನನ್ನ ಬುದ್ಧಿ ಹ್ಯಾಂಗಿರ್ತೈತೋ. ನಿಮ್ಮ ಬಟನ್ ನಿಮಗಿರ್ಲಿ. ನೀವು ಒತ್ತಲಾರದ ಆ ಮುಳ್ಳು ಹಂದ್ಯಾಡಬಾರದು."

ಆಕೆ ಗಂಟು ಬಿಚ್ಚಿದರು. ಸಣ್ಣವರು ಹಲ್ಲಿನಿಂದ ತಂತಿಯ ತುದಿ ಕೆರೆದು, ಒಂದೊಂದನ್ನು ಬಟನ್ನಿನ ಒಂದೊಂದು ತಿರುಪಿಗೆ ಬಿಗಿದು, ಮುಚ್ಚಳ ಹಾಕಿದರು. ರಾಜೂರದವನು ಆ ದಿನವೇ ಊರಿಗೆ ಹೋದ. ಹೋಗುವಾಗಲೂ ನನ್ನ ಹತ್ತಿರ ಬಂದು, "ಏನರೆ ಆದ್ರ ಫೋನ್ ಮಾಡ್ರಿ" ಎಂದು ಮೆಲ್ಲಗೆ ಹೇಳಿದ. ಆಗಲಿ ಎಂದೆ.

ಮರುದಿನ ನಾನು ಚಹಾ ಬಿಟ್ಟು ಗಡಿಯಾರದ ಕೆಳಗೆ ಬಂದು, ಕೈ ಹಿಂದೆ ಕಟ್ಟಿಕೊಂಡು ನಿಂತೆ. ಎರಡೂ ಕಡೆ ರೇಡಿಯೋ ಕೇಳುತ್ತಿತ್ತು. ಪೀಪ್ ಸದ್ದು ಬಂದು ಹೋಯಿತು. ಮುಳ್ಳು ಅಲುಗಾಡಲಿಲ್ಲ. ಬಲಗಡೆಯ ಕಿಟಕಿಯಲ್ಲಿ ಸಣ್ಣವರು ಬಟನ್ನು ಒತ್ತಿ ಹಿಡಿದಿದ್ದರು, ಕೈ ತೆಗೆಯಲಿಲ್ಲ. ಎಡಗಡೆಯಿಂದ ಆ ಹೆಣ್ಣುಮಗಳು, "ಅಕ್ಕಾರ, ಯಾವುದಕ್ಕ ಒತ್ತಬೇಕ್ರಿ, ಮೊದಲಿನ ಸದ್ದಿಗೋ, ಉದ್ದಂದಕ್ಕೋ?" ಎಂದು ಕೂಗಿದರು. ಉದ್ದದ್ದಕ್ಕೆ ಎಂದು ನಾನೂ ಕೂಗಿದೆ. ಅದು ಮುಗಿದುಹೋಗಿದೆ ಎಂದು ಹೇಳಲು ಮನಸ್ಸು ಬರಲಿಲ್ಲ. ಸುದ್ದಿ ಓದುವವರು ಅರ್ಧ ಸುದ್ದಿ ಓದಿ ಮುಗಿಸಿದರು. ಸಣ್ಣವರ ಕೈ ಬಟನ್ನಿನ ಮೇಲೆಯೇ ಇತ್ತು.

ಆಮೇಲೆ ಖಟ್ ಎಂದಿತು. ನಿಜವಾದ ಏಳು ದಾಟಿ ಹೋಗಿತ್ತು, ನಮ್ಮ ಗಡಿಯಾರ ಆಗ ಏಳು ತೋರಿಸಿತು. ಮಧ್ಯಾಹ್ನ, ತಮ್ಮ ಪಾಳಿಯ ನೀರು ಅಷ್ಟು ಕಡಿಮೆಯಾದರೂ, ಅದೇ ಗಡಿಯಾರದಲ್ಲಿ ಹನ್ನೆರಡಾಗುವವರೆಗೆ ಸಣ್ಣವರು ಮೊಳೆಯ ಕೆಳಗೆ ಸುಮ್ಮನೆ ಕೂತಿದ್ದು, ಆಮೇಲೆ ಚಾವಿ ತಗೊಂಡು ಹೊಲಕ್ಕೆ ಹೋದರು. ಅವರ ಕಿಸೆಯಲ್ಲಿ ಫೋನಿತ್ತು. ಅದನ್ನು ಅವರು ತೆಗೆದು ನೋಡಲಿಲ್ಲ.